ರನ್‌ವೇ ತಂದಿಟ್ಟ ಅಡ್ಡಗಾಳಿ

1909ರ ಜುಲೈ 25, ಭಾನುವಾರದ ನಸುಕು. ಫ್ರಾನ್ಸಿನ ಕ್ಯಾಲೆ ಬಳಿಯಿಂದ ಹೊರಟ ಲೂಯಿ ಬ್ಲೆರಿಯೊ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ ಇಂಗ್ಲೆಂಡಿನ ತೀರವನ್ನು ಕಂಡಾಗ, ಅದು ತಾನು ಸೇರಬೇಕಿದ್ದ ಡೋವರ್ ಅಲ್ಲವೆಂಬುದು ಅವನಿಗೆ ಅರಿವಾಯಿತು. ಗಾಳಿ ಅವನ ಪುಟ್ಟ ವಿಮಾನವನ್ನು ಪೂರ್ವಕ್ಕೆ ತಳ್ಳಿಬಿಟ್ಟಿತ್ತು. ಇಪ್ಪತ್ತೈದು ಅಶ್ವಶಕ್ತಿಯ ಎಂಜಿನ್, ಮರದ ಚೌಕಟ್ಟು, ಬಟ್ಟೆಯ ರೆಕ್ಕೆ; ಜೊತೆಗೆ ದಿಕ್ಸೂಚಿಯೂ ಇಲ್ಲ. ತೀರವನ್ನು ಹಿಡಿದು ಪಶ್ಚಿಮಕ್ಕೆ ತಿರುಗಿದ ಬ್ಲೆರಿಯೊ, ಡೋವರ್ ಕೋಟೆಯ ಪಕ್ಕದ ಹುಲ್ಲುಗಾವಲಿನಲ್ಲಿ ಒಬ್ಬ ಫ್ರೆಂಚ್ ಪತ್ರಕರ್ತ ಬೀಸುತ್ತಿದ್ದ ಬಾವುಟವನ್ನು ನೋಡಿ ಇಳಿಯಲು ತೊಡಗಿದ. ಬೆಟ್ಟದ ಸಂದಿಯಿಂದ ನುಗ್ಗುತ್ತಿದ್ದ ಗಾಳಿ ವಿಮಾನವನ್ನು ಎತ್ತಿ ಕುಕ್ಕುತ್ತಿತ್ತು. ನೆಲದಿಂದ ಸುಮಾರು ಇಪ್ಪತ್ತು ಮೀಟರ್ ಎತ್ತರದಲ್ಲಿ ಅವನು ಎಂಜಿನ್ ನಿಲ್ಲಿಸಿದ. ವಿಮಾನ ದೊಪ್ಪನೆ ಬಿತ್ತು. ಚಕ್ರಗಳ ಚೌಕಟ್ಟು ಮುರಿಯಿತು, ಪ್ರೊಪೆಲರಿನ ಒಂದು ಅಲಗು ಚೂರಾಯಿತು. ಬ್ಲೆರಿಯೊಗೆ ಮಾತ್ರ ಗಾಯವಾಗಲಿಲ್ಲ.

ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿದ ಮೊದಲ ಸಾಹಸವೆಂದು ಜಗತ್ತು ಕೊಂಡಾಡಿದ ಆ ಹಾರಾಟ ಮುಗಿದದ್ದು ಹೀಗೆ, ಗಾಳಿಯ ಹೊಡೆತಕ್ಕೆ ಸಿಕ್ಕಿದ ಒಂದು ಇಳಿದಾಣದ ಅಪಘಾತದಲ್ಲಿ. ಸಾವಿರ ಪೌಂಡಿನ ಬಹುಮಾನ ಅವನಿಗೆ ಸಿಕ್ಕಿತು. ಮುರಿದ ಚಕ್ರಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಬ್ಲೆರಿಯೊ ಸ್ವತಃ ಅದರ ಬಗ್ಗೆ ಮೊದಲೇ ಯೋಚಿಸಿದ್ದ. ಅವನ ‘ಬ್ಲೆರಿಯೊ 11’ ವಿಮಾನದ ಮುಂದಿನ ಎರಡು ಚಕ್ರಗಳು ಪಕ್ಕಕ್ಕೆ ತಿರುಗಬಲ್ಲವಾಗಿದ್ದವು. ಗಾಳಿ ಅಡ್ಡವಾಗಿ ಬೀಸುವಾಗ ವಿಮಾನದ ಮೂಗು ಒಂದು ಕಡೆ, ಓಟ ಇನ್ನೊಂದು ಕಡೆ ಇದ್ದರೂ ಚಕ್ರ ಓಟದ ದಿಕ್ಕಿಗೆ ಹೊರಳಿಕೊಳ್ಳಲಿ ಎಂಬುದು ಉಪಾಯ. ನಾಲ್ಕು ದಶಕಗಳ ನಂತರ ಅಮೆರಿಕದ ಎಂಜಿನಿಯರುಗಳು ಇದೇ ಉಪಾಯಕ್ಕೆ ಹೊಸದಾಗಿ ಕೈ ಹಾಕಬೇಕಾಯಿತು. ನಡುವಿನ ಅವಧಿಯಲ್ಲಿ ಅದನ್ನು ಜನ ಮರೆಯಲು ಒಂದು ಕಾರಣವಿತ್ತು: ಅಡ್ಡಗಾಳಿಯನ್ನು ಎದುರಿಸುವ ಅಗತ್ಯವೇ ಆಗ ಅಷ್ಟಾಗಿ ಇರಲಿಲ್ಲ.

ದಿಕ್ಕಿಲ್ಲದ ಬಯಲು

ಹಕ್ಕಿ ಕೂರುವುದನ್ನು ಗಮನಿಸಿದವರಿಗೆ ಗೊತ್ತು. ಕಾಗೆಯಾಗಲಿ ಹದ್ದಾಗಲಿ ಗಾಳಿಗೆ ಮುಖ ಕೊಟ್ಟೇ ಇಳಿಯುತ್ತದೆ. ರೆಕ್ಕೆಯನ್ನು ಎತ್ತಿಹಿಡಿಯುವುದು ಅದರ ಮೇಲೆ ಹರಿಯುವ ಗಾಳಿ. ಎದುರುಗಾಳಿ ಇದ್ದರೆ ಅದರ ಒಂದು ಪಾಲು ಪುಕ್ಕಟೆಯಾಗಿ ಸಿಗುತ್ತದೆ, ನೆಲವನ್ನು ಮುಟ್ಟುವಾಗಿನ ವೇಗ ಅಷ್ಟರಮಟ್ಟಿಗೆ ತಗ್ಗುತ್ತದೆ. ರೈಟ್ ಸಹೋದರರು ತಮ್ಮ ಪ್ರಯೋಗಕ್ಕೆ ಉತ್ತರ ಕೆರೊಲಿನಾದ ಕಿಟಿ ಹಾಕ್ ಎಂಬ ಮರಳು ತೀರವನ್ನು ಹುಡುಕಿಕೊಂಡು ಹೋದದ್ದೇ ಅಲ್ಲಿ ಬೀಸುವ ಬಲವಾದ ಗಾಳಿಗಾಗಿ. 1903ರ ಡಿಸೆಂಬರ್ 17ರಂದು ಅವರ ನಾಲ್ಕೂ ಹಾರಾಟಗಳು ನಡೆದದ್ದು ಎದುರುಗಾಳಿಗೆ ಮುಖ ಮಾಡಿ. ನಾಲ್ಕನೆಯದು 59 ಸೆಕೆಂಡಿನಲ್ಲಿ 852 ಅಡಿ ಸಾಗಿತು. ಅದಾದ ಸ್ವಲ್ಪ ಹೊತ್ತಿಗೆ ನೆಲದ ಮೇಲೆ ಸುಮ್ಮನೆ ನಿಂತಿದ್ದ ವಿಮಾನದ ಕೆಳಗೆ ಗಾಳಿ ನುಗ್ಗಿ ಅದನ್ನು ಮಗುಚಿ ಹಾಕಿತು. ಹಿಡಿದುಕೊಳ್ಳಲು ಹೋದ ಜಾನ್ ಡೇನಿಯಲ್ಸ್ ಎಂಬಾತ ತಂತಿ, ಕಡ್ಡಿಗಳ ನಡುವೆ ಸಿಕ್ಕಿಕೊಂಡು ಉರುಳಿದ. ಮುಖ ಕೊಟ್ಟವನನ್ನು ಎತ್ತಿ ಆಡಿಸಿದ ಗಾಳಿಯೇ ಮಗ್ಗುಲು ಕೊಟ್ಟರೆ ಏನು ಮಾಡೀತೆಂಬುದು ವಿಮಾನ ಹುಟ್ಟಿದ ದಿನವೇ ತಿಳಿದುಹೋಯಿತು.

ಆದ್ದರಿಂದ ಮೊದಲ ವಿಮಾನ ನಿಲ್ದಾಣಗಳಿಗೆ ದಿಕ್ಕೇ ಇರಲಿಲ್ಲ. ಅವು ಚೌಕವಾದ, ಇಲ್ಲವೇ ದುಂಡಾದ ಹುಲ್ಲು ಬಯಲುಗಳು. ಒಂದು ಕಂಬದ ತುದಿಗೆ ಬಟ್ಟೆಯ ಗಾಳಿಚೀಲ. ಅದು ಯಾವ ಕಡೆಗೆ ಬಾಲ ಚಾಚಿದೆಯೋ ನೋಡಿಕೊಂಡು ಚಾಲಕ ಅದರ ಎದುರು ದಿಕ್ಕಿನಿಂದ ಇಳಿಯುತ್ತಿದ್ದ. ಬರ್ಲಿನ್ನಿನ ಟೆಂಪಲ್‌ಹಾಫ್ ಯೂರೋಪಿನ ದೊಡ್ಡ ನಿಲ್ದಾಣಗಳಲ್ಲಿ ಒಂದಾಗಿದ್ದ ಕಾಲದಲ್ಲೂ ಅದರ ಮೈದಾನ ಮೊಟ್ಟೆಯಾಕಾರದ ಹುಲ್ಲುಗಾವಲೇ ಆಗಿತ್ತು. ನಮ್ಮಲ್ಲಿ ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಂಚೆಚೀಲ ಹೊತ್ತು ಬಂದು ಇಳಿದ ಮುಂಬಯಿಯ ಜುಹೂ ಕೂಡ ಬರಿ ಮಣ್ಣಿನ ಬಯಲು. ಮಳೆಗಾಲದಲ್ಲಿ ಅಲ್ಲಿ ಇಳಿಯುವಂತಿರಲಿಲ್ಲ, ಸೇವೆಯನ್ನು ಪುಣೆಗೆ ಸಾಗಿಸಬೇಕಾಗುತ್ತಿತ್ತು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಆ ಅಂಚೆಯನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಅವರಿಬ್ಬರೂ ಹಾರಿಸಿದ ಪುಸ್ ಮಾತ್ ವಿಮಾನದಂಥ ಹಗುರ ಯಂತ್ರಗಳಿಗೆ ಇಂಥ ಬಯಲು ಸಾಕಿತ್ತು. ಅಲ್ಲಿ ಅಡ್ಡಗಾಳಿ ಎಂಬುದು ಚಾಲಕನ ಅಜಾಗರೂಕತೆಯಿಂದ ಮಾತ್ರ ಬರಬಹುದಾದ ತೊಂದರೆ.

ಹುಲ್ಲು ಬಯಲನ್ನು ಸೋಲಿಸಿದ್ದು ವಿಮಾನದ ತೂಕ. ಯಂತ್ರಗಳು ದೊಡ್ಡವಾಗುತ್ತ ಹೋದಂತೆ ಚಕ್ರಗಳು ಕೆಸರಿನಲ್ಲಿ ಹೂತುಕೊಳ್ಳತೊಡಗಿದವು. ಗಟ್ಟಿ ನೆಲ ಬೇಕಾಯಿತು. ಇಡೀ ಬಯಲಿಗೆ ಕಾಂಕ್ರೀಟ್ ಹಾಸುವಷ್ಟು ಹಣ ಯಾವ ಸರ್ಕಾರದ ಬಳಿಯೂ ಇರಲಿಲ್ಲವಾದ್ದರಿಂದ ಉದ್ದನೆಯ ಪಟ್ಟಿಗಳನ್ನು ಹಾಸಿದರು. 1920ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಶುರುವಾದ ಈ ಪದ್ಧತಿ ಎರಡನೆಯ ಮಹಾಯುದ್ಧದ ಹೊತ್ತಿಗೆ ಎಲ್ಲೆಡೆ ಹಬ್ಬಿತು. ಪಟ್ಟಿ ಬಂದ ಕೂಡಲೇ ದಿಕ್ಕು ಬಂತು. ಗಾಳಿಯಾದರೋ ಕಾಂಕ್ರೀಟನ್ನು ಕೇಳಿ ಬೀಸುವುದಿಲ್ಲ.

ಯುದ್ಧಕಾಲದ ಬ್ರಿಟಿಷರು ಇದನ್ನು ಚೆನ್ನಾಗಿ ಅರಿತಿದ್ದರು. ಅವರ ಬಾಂಬರ್ ನೆಲೆಗಳಲ್ಲಿ ಒಂದಲ್ಲ, ಮೂರು ರನ್‌ವೇಗಳಿದ್ದವು. ಎರಡು ಸಾವಿರ ಗಜ ಉದ್ದದ ಮುಖ್ಯ ರನ್‌ವೇ ಆ ಊರಿನಲ್ಲಿ ಹೆಚ್ಚಾಗಿ ಬೀಸುವ ಗಾಳಿಯ ದಿಕ್ಕಿಗೆ. 1,400 ಗಜದ ಉಳಿದೆರಡು ಅದಕ್ಕೆ ಸುಮಾರು 60 ಡಿಗ್ರಿ ಕೋನದಲ್ಲಿ ಓರೆಯಾಗಿ. ಗಾಳಿ ಎತ್ತಲಿಂದ ಬಂದರೂ ಮೂರರಲ್ಲಿ ಒಂದಾದರೂ ಅದಕ್ಕೆ ಹತ್ತಿರ ಇರುತ್ತಿತ್ತು. ಯುದ್ಧ ಮುಗಿದು ಶಾಂತಿಕಾಲದ ಲೆಕ್ಕಪತ್ರ ಶುರುವಾದ ಮೇಲೆ ಮೂರು ರನ್‌ವೇಗಳ ಐಷಾರಾಮ ಸಣ್ಣ ಊರುಗಳಿಗೆ ಎಟುಕಲಿಲ್ಲ. ಒಂದೇ ರನ್‌ವೇ, ಎರಡೇ ದಿಕ್ಕು ಎಂಬುದು ನಿಯಮವಾಯಿತು.

ಕರ್ನಾಟಕದ ನಕ್ಷೆಯನ್ನೇ ನೋಡಬಹುದು. ರನ್‌ವೇಯ ಎರಡೂ ತುದಿಗಳಲ್ಲಿ ದೊಡ್ಡದಾಗಿ ಬರೆದಿರುವ ಅಂಕಿ ಅದರ ದಿಕ್ಕನ್ನು ಹೇಳುತ್ತದೆ. 9 ಎಂದರೆ ದಿಕ್ಸೂಚಿಯ 90 ಡಿಗ್ರಿ, ಅಂದರೆ ಪೂರ್ವ. 27 ಎಂದರೆ 270 ಡಿಗ್ರಿ, ಪಶ್ಚಿಮ. ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣ, ಯಲಹಂಕ, ದೇವನಹಳ್ಳಿ, ಮೈಸೂರಿನ ಮಂಡಕಳ್ಳಿ, ಇವೆಲ್ಲ 9–27. ಪುಟ್ಟ ವಿಮಾನಗಳ ತರಬೇತಿಗೆ ಹೆಸರಾದ ಜಕ್ಕೂರು, ಹುಬ್ಬಳ್ಳಿ, ಬೆಳಗಾವಿ 8–26. ಎಲ್ಲವೂ ಪೂರ್ವ–ಪಶ್ಚಿಮ. ಇದು ಕಾಕತಾಳೀಯವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ಹತ್ತಿ ಬರುವ ಮುಂಗಾರಿನ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ: ನಮ್ಮ ಪ್ರಸ್ಥಭೂಮಿಯ ವರ್ಷವೇ ಈ ಎರಡರ ನಡುವೆ ಹಂಚಿಹೋಗಿದೆ. ಆದರೆ ಮುಂಗಾರು ನೇರ ಪಶ್ಚಿಮದಿಂದಲೇ ಬರಬೇಕೆಂದಿಲ್ಲ. ನೈಋತ್ಯಕ್ಕೆ ಸರಿದ ದಿನ ಗಾಳಿ ರನ್‌ವೇಗೆ ಓರೆಯಾಗುತ್ತದೆ. ಬೇಸಗೆಯ ಸಂಜೆ ಗುಡುಗು ಮಳೆಗೆ ಮುಂಚೆ ಎದ್ದ ಬಿರುಗಾಳಿಗಂತೂ ಪಂಚಾಂಗವೇ ಇಲ್ಲ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸು ಕೂಡ ಇದನ್ನು ಒಪ್ಪಿಕೊಂಡೇ ಹೊರಟಿದೆ. ನಿಲ್ದಾಣವು ಯಾರಿಗಾಗಿ ಇದೆಯೋ ಆ ವಿಮಾನಗಳು ನೂರಕ್ಕೆ 95ರಷ್ಟು ಸಮಯವಾದರೂ ಅದನ್ನು ಬಳಸುವಂತಿರಬೇಕು. ಅಂದರೆ ಅಡ್ಡಗಾಳಿ ಗೊತ್ತಾದ ಮಿತಿಯನ್ನು ದಾಟಬಾರದು. ಉದ್ದ ರನ್‌ವೇ ಬೇಕಾಗುವ ದೊಡ್ಡ ವಿಮಾನಗಳಿಗೆ ಆ ಮಿತಿ ಗಂಟೆಗೆ 37 ಕಿಲೋಮೀಟರ್, ಚಿಕ್ಕವಕ್ಕೆ 19. ಉಳಿದ ಐದು ಪಾಲು? ವರ್ಷಕ್ಕೆ ಲೆಕ್ಕ ಹಾಕಿದರೆ ಹದಿನೆಂಟು ದಿನ. ಆ ಹದಿನೆಂಟು ದಿನ ಚಾಲಕ ಮತ್ತು ಗಾಳಿಯ ನಡುವಿನ ವ್ಯವಹಾರ.

ದೋಣಿ, ಏಡಿ, ಎತ್ತಿನಗಾಡಿ

ತುಂಬಿದ ಹೊಳೆಯನ್ನು ದಾಟಿಸುವ ಅಂಬಿಗ ಆಚೆ ದಡದ ಕಟ್ಟೆಗೆ ನೇರವಾಗಿ ದೋಣಿಯ ಮೂಗನ್ನು ಹಿಡಿಯುವುದಿಲ್ಲ. ಹಿಡಿದರೆ ಸೆಳವು ಅವನನ್ನು ಫರ್ಲಾಂಗು ಕೆಳಗೆ ಒಯ್ಯುತ್ತದೆ. ಅವನು ಮೂಗನ್ನು ಸೆಳವಿನ ಎದುರಿಗೆ ಓರೆ ಮಾಡುತ್ತಾನೆ. ದೋಣಿ ನೋಡುವುದು ಒಂದು ಕಡೆ, ಸಾಗುವುದು ಇನ್ನೊಂದು ಕಡೆ. ವಿಮಾನ ಚಾಲಕರು ಮಾಡುವುದೂ ಇದನ್ನೇ. ಅವರ ಪರಿಭಾಷೆಯಲ್ಲಿ ಇದು ‘ಏಡಿ ನಡಿಗೆ’.

ಓರೆ ಎಷ್ಟು ಎಂಬುದರಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಇರುವ ವ್ಯತ್ಯಾಸ ಅಡಗಿದೆ. ಗಂಟೆಗೆ 28 ಕಿಲೋಮೀಟರ್ ವೇಗದ ಗಾಳಿ ರನ್‌ವೇಗೆ ಅಡ್ಡಲಾಗಿ ಬೀಸುತ್ತಿದೆ ಎನ್ನೋಣ. ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ಇಳಿಯುವ ಪ್ರಯಾಣಿಕ ಜೆಟ್ ಆರು ಡಿಗ್ರಿ ಓರೆಯಾದರೆ ಸಾಕು. ಕಿಟಕಿ ಪಕ್ಕ ಕುಳಿತವರಿಗೆ ಗೊತ್ತೂ ಆಗದು. ಗಂಟೆಗೆ 110 ಕಿಲೋಮೀಟರಿನಲ್ಲಿ ಇಳಿಯುವ ನಾಲ್ಕು ಸೀಟಿನ ಸೆಸ್ನಾ ಹದಿನಾಲ್ಕೂವರೆ ಡಿಗ್ರಿ ತಿರುಗಬೇಕು. ಗಂಟೆಗೆ 74 ಕಿಲೋಮೀಟರಿನಲ್ಲಿ ತೇಲಿಬರುವ ಹಳೆಯ ಎರಡು ಸೀಟಿನ ಯಂತ್ರ ಇಪ್ಪತ್ತೆರಡು ಡಿಗ್ರಿ. ನಿಧಾನವಾಗಿ ಹೋಗುವುದು ಎಲ್ಲೆಡೆಯೂ ಸುರಕ್ಷಿತ ಎಂಬ ನಮ್ಮ ರಸ್ತೆಯ ಬುದ್ಧಿ ಇಲ್ಲಿ ತಿರುವುಮುರುವು.

ಗಾಳಿಯಲ್ಲಿ ಇರುವಷ್ಟು ಹೊತ್ತು ಈ ಓರೆಯಿಂದ ಏನೂ ತೊಂದರೆಯಿಲ್ಲ. ತೊಂದರೆ ಇರುವುದು ಚಕ್ರ ನೆಲ ಮುಟ್ಟುವ ಆ ಒಂದೆರಡು ಕ್ಷಣಗಳಲ್ಲಿ. ಓರೆಯಾಗಿಯೇ ಮುಟ್ಟಿದರೆ ಟೈರು ಪಕ್ಕಕ್ಕೆ ಉಜ್ಜುತ್ತದೆ, ಕಾಲುಗಳಿಗೆ ಪಕ್ಕದಿಂದ ಏಟು ಬೀಳುತ್ತದೆ; ವಿಮಾನದ ಕಾಲುಗಳನ್ನು ಮಾಡಿರುವುದು ಮೇಲಿನಿಂದ ಬರುವ ಭಾರವನ್ನು ತಾಳಲು, ಮಗ್ಗುಲಿನ ಒದೆತವನ್ನಲ್ಲ. ಆದ್ದರಿಂದ ಕೊನೆಯ ಗಳಿಗೆಯಲ್ಲಿ ಕಾಲಿನ ಪೆಡಲ್ ಒತ್ತಿ, ಬಾಲದ ರಡರ್ ತಿರುಗಿಸಿ, ಮೂಗನ್ನು ರನ್‌ವೇಗೆ ನೇರ ಮಾಡಬೇಕು. ಬೇಗ ಮಾಡಿದರೆ ಗಾಳಿ ವಿಮಾನವನ್ನು ಅಂಚಿಗೆ ತಳ್ಳುತ್ತದೆ. ತಡವಾದರೆ ಚಕ್ರ ಓರೆಯಾಗಿ ಕೂರುತ್ತದೆ. ಇನ್ನೊಂದು ವಿಧಾನದಲ್ಲಿ ಗಾಳಿ ಬರುವ ಕಡೆಯ ರೆಕ್ಕೆಯನ್ನು ಸ್ವಲ್ಪ ತಗ್ಗಿಸಿ, ರಡರನ್ನು ಎದುರು ಬದಿಗೆ ಒತ್ತಿ ಹಿಡಿದು, ಮೊದಲು ಒಂದೇ ಚಕ್ರದ ಮೇಲೆ ಕೂರುತ್ತಾರೆ. ನೋಡುವವರಿಗೆ ಗಾಬರಿಯಾಗುವ ಭಂಗಿ. ಚಾಲಕನಿಗೆ ಅದೇ ಕ್ಷೇಮ.

ಅಲ್ಲಿಗೂ ಮುಗಿಯಲಿಲ್ಲ. ಚಕ್ರ ಕೂತಿತೆಂದು ಹೊಸ ಚಾಲಕ ನಿಟ್ಟುಸಿರು ಬಿಟ್ಟು ಕೈಕಾಲು ಸಡಿಲಿಸುತ್ತಾನೆ. ವಿಮಾನವಾದರೋ ಇನ್ನೂ ಅರ್ಧ ಹಕ್ಕಿಯೇ. ಬಾಲದ ನೆಟ್ಟನೆಯ ಫಲಕಕ್ಕೆ ಗಾಳಿ ಬಡಿದು, ಗೋಪುರದ ಮೇಲಿನ ಗಾಳಿಕೋಳಿಯಂತೆ ಮೂಗು ಗಾಳಿಯತ್ತ ತಿರುಗಲು ನೋಡುತ್ತದೆ. ಗಾಳಿ ಕಡೆಯ ರೆಕ್ಕೆ ಮೇಲೇಳಲು ನೋಡುತ್ತದೆ.

ಹಳೆಯ ವಿಮಾನಗಳಲ್ಲಿ ಇದಕ್ಕೆ ಇನ್ನೊಂದು ಪೀಡೆ ಸೇರಿತ್ತು. ಅವುಗಳಿಗೆ ಮುಂದೆ ಎರಡು ಚಕ್ರ, ಬಾಲದ ತುದಿಯಲ್ಲಿ ಒಂದು ಪುಟ್ಟ ಚಕ್ರ ಅಥವಾ ಬರಿ ಒಂದು ಕಬ್ಬಿಣದ ಕೊಕ್ಕೆ. ವಿಮಾನದ ಭಾರದ ಕೇಂದ್ರ ಮುಂದಿನ ಚಕ್ರಗಳಿಗಿಂತ ಹಿಂದೆ. ಎತ್ತು ಎಳೆಯುವಾಗ ಗಾಡಿ ತಾನಾಗಿ ನೆಟ್ಟಗೆ ಬರುತ್ತದೆ. ಅದೇ ಗಾಡಿಯ ಮೂಕಿ ಹಿಡಿದು ಹಿಂದಕ್ಕೆ ತಳ್ಳಿ ನೋಡಿದರೆ ತುಸು ಸೊಟ್ಟಗಾದದ್ದು ಮರುಕ್ಷಣಕ್ಕೆ ಇನ್ನಷ್ಟು ಸೊಟ್ಟಗಾಗಿ ಅಡ್ಡ ತಿರುಗಿಬಿಡುತ್ತದೆ. ಬಾಲಚಕ್ರದ ವಿಮಾನ ಓಡುವುದು ಈ ತಳ್ಳುವ ಗಾಡಿಯ ರೀತಿ. ಗಾಳಿ ಮೂಗನ್ನು ಒಂದಿಷ್ಟು ತಿರುಗಿಸಿದರೆ ಹಿಂದಿನ ಭಾರ ಅದನ್ನು ಪೂರ್ತಿ ತಿರುಗಿಸುತ್ತದೆ. ವಿಮಾನ ನೆಲದ ಮೇಲೆಯೇ ಗಿರಕಿ ಹೊಡೆದು, ಹೊರಬದಿಯ ರೆಕ್ಕೆ ನೆಲಕ್ಕೆ ತಾಗಿ, ಕಾಲು ಮುರಿದು ಕೂರುತ್ತದೆ. ‘ಗ್ರೌಂಡ್ ಲೂಪ್’ ಎಂದು ಇದರ ಹೆಸರು. ಜರ್ಮನರ ಪ್ರಖ್ಯಾತ ಮೆಸರ್‌ಶ್ಮಿಟ್ 109 ಯುದ್ಧವಿಮಾನದ ಕಾಲುಗಳನ್ನು ರೆಕ್ಕೆಗೆ ಬದಲು ಒಡಲಿಗೆ ಜೋಡಿಸಿದ್ದರು; ರೆಕ್ಕೆ ಕಳಚಿದರೂ ವಿಮಾನ ತನ್ನ ಕಾಲಿನ ಮೇಲೆ ನಿಲ್ಲುತ್ತಿತ್ತು, ಸಾಗಣೆಗೆ ಅನುಕೂಲ. ಇದರಿಂದ ಚಕ್ರಗಳ ನಡುವಿನ ಅಂತರ ಕಿರಿದಾಗಿ, ಎಳೆಯ ಚಾಲಕರ ಕೈಯಲ್ಲಿ ಅಸಂಖ್ಯ 109ಗಳು ಶತ್ರುವಿನ ಗುಂಡಿಗೆ ಕಾಯದೆ ತಮ್ಮದೇ ನೆಲೆಗಳಲ್ಲಿ ಮುರಿದುಬಿದ್ದವು.

ಸ್ವಾತಂತ್ರ್ಯಾನಂತರ ನಮ್ಮ ಚಾಲಕರು ಕಲಿತದ್ದೂ ಇಂಥ ಬಾಲಚಕ್ರದ ಯಂತ್ರಗಳಲ್ಲೇ. ಬ್ರೇಕೇ ಇಲ್ಲದ ಟೈಗರ್ ಮಾತ್, ನಂತರ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ವಿ.ಎಂ. ಘಾಟಗೆಯವರ ಮುಂದಾಳುತನದಲ್ಲಿ ರೂಪುಗೊಂಡು 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿದ ಎಚ್.ಟಿ.-2, 1958ರ ಸೆಪ್ಟೆಂಬರ್ 28ರಂದು ಹಾರಿದ ಎರಡು ಸೀಟಿನ ಪುಷ್ಪಕ್. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ಇಡೀ ಪೀಳಿಗೆ ಪುಷ್ಪಕ್‌ನ ಪೆಡಲುಗಳ ಮೇಲೆ ಕಾಲಾಡಿಸಿ ಚಾಲಕರಾದರು. ವಿಮಾನ ನಿಂತು, ಎಂಜಿನ್ ಆರಿ, ಕಟ್ಟಿಹಾಕುವ ತನಕ ಹಾರಾಟ ಮುಗಿಯಲಿಲ್ಲ ಎಂಬ ಪಾಠ ಬಾಲಚಕ್ರದ ವಿಮಾನದಲ್ಲಿ ಬಾಯಿಪಾಠವಲ್ಲ, ಕಾಲಿನ ಪಾಠ.

ಪೆಡಲಿಲ್ಲದ ವಿಮಾನ

ಈ ಕಾಲಿನ ಪಾಠವೇ ಬೇಡವಾದರೆ ಹೇಗೆ ಎಂದು ಯೋಚಿಸಿದವನು ಅಮೆರಿಕದ ಫ್ರೆಡ್ ವೀಕ್. 1899ರಲ್ಲಿ ಹುಟ್ಟಿದ ವೀಕ್ ಅಲ್ಲಿನ ಸರ್ಕಾರಿ ವಿಮಾನ ಸಂಶೋಧನಾಲಯವಾದ ಲ್ಯಾಂಗ್ಲಿಯಲ್ಲಿ ಎಂಜಿನಿಯರ್. ಎಂಜಿನ್ನಿಗೆ ಹೊದಿಕೆ ತೊಡಿಸಿ ಗಾಳಿಯ ತಡೆಯನ್ನು ತಗ್ಗಿಸಿದ ಕೆಲಸದಿಂದ ಆಗಲೇ ಹೆಸರಾಗಿದ್ದ. ಆ ಕೆಲಸಕ್ಕೆ ಸಂಸ್ಥೆಗೆ 1929ರ ಕೊಲಿಯರ್ ಪಾರಿತೋಷಕ ದೊರಕಿತ್ತು. ಸಾಮಾನ್ಯ ಜನ ಕಾರಿನಂತೆ ವಿಮಾನವನ್ನೂ ಓಡಿಸಬೇಕಾದರೆ ಅದು ಜನರ ತಪ್ಪನ್ನು ಕ್ಷಮಿಸುವಂತಿರಬೇಕು ಎಂಬುದು ಅವನ ನಿಲುವು. ಕೆಲವು ಸಹೋದ್ಯೋಗಿಗಳೊಡನೆ ಬಿಡುವಿನ ವೇಳೆಯಲ್ಲಿ ಸ್ವಂತ ಖರ್ಚಿನಿಂದ ಒಂದು ವಿಮಾನ ಕಟ್ಟಿ 1934ರಲ್ಲಿ ಹಾರಿಸಿದ. ಅದಕ್ಕೆ ಬಾಲಚಕ್ರವಿರಲಿಲ್ಲ, ಮೂಗಿನ ಕೆಳಗೆ ಚಕ್ರವಿತ್ತು.

ಮೂರು ಚಕ್ರದ ಈ ಏರ್ಪಾಡು ಹೊಸದೇನಲ್ಲ. ಗ್ಲೆನ್ ಕರ್ಟಿಸ್‌ನ ಆರಂಭದ ವಿಮಾನಗಳು ಹೀಗೆಯೇ ಇದ್ದವು. ನಡುವೆ ಕೈಬಿಟ್ಟದ್ದನ್ನು ವೀಕ್ ಲೆಕ್ಕ ಹಾಕಿ ಮರಳಿ ತಂದ. ಭಾರದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಮುಂದೆ ಬಂದದ್ದೇ ತಡ, ತಳ್ಳುವ ಗಾಡಿ ಎಳೆಯುವ ಗಾಡಿಯಾಯಿತು. ಓರೆಯಾಗಿ ನೆಲ ಮುಟ್ಟಿದರೂ ವಿಮಾನ ತಾನಾಗಿ ನೇರವಾಗುತ್ತದೆ.

1936ರಲ್ಲಿ ‘ಎರ್ಕೊ’ ಎಂಬ ಕಂಪೆನಿ ಸೇರಿದ ವೀಕ್, ಮರುವರ್ಷ ಹಾರಿಸಿದ ಎರಡು ಸೀಟಿನ ‘ಎರ್ಕೂಪ್’ ವಿಮಾನದಲ್ಲಿ ಈ ತರ್ಕವನ್ನು ಕೊನೆಯವರೆಗೆ ಒಯ್ದ. ರಡರಿನ ಪೆಡಲುಗಳನ್ನೇ ತೆಗೆದುಹಾಕಿದ. ಕಾರಿನ ಸ್ಟಿಯರಿಂಗ್‌ನಂಥ ಒಂದೇ ಚಕ್ರ. ಅದನ್ನು ತಿರುಗಿಸಿದರೆ ರೆಕ್ಕೆಯ ಫಲಕ, ಬಾಲದ ರಡರ್, ಮೂಗಿನ ಚಕ್ರ ಎಲ್ಲವೂ ಒಟ್ಟಿಗೆ ತಿರುಗುತ್ತವೆ. ಅಡ್ಡಗಾಳಿಯಲ್ಲಿ ಇಳಿಯುವುದು ಹೇಗೆ? ಏಡಿ ನಡಿಗೆಯಲ್ಲೇ ಬಂದು, ಓರೆಯಾಗಿಯೇ ನೆಲ ಮುಟ್ಟಿ, ಕೈ ಸಡಿಲ ಬಿಡುವುದು! ಆ ಒದೆತವನ್ನು ತಾಳುವಂತೆಯೇ ಕಾಲುಗಳನ್ನು ರೂಪಿಸಲಾಗಿತ್ತು. ಬೇರೆ ವಿಮಾನಗಳಲ್ಲಿ ತಪ್ಪೆನಿಸಿದ್ದು ಇಲ್ಲಿ ಸರಿಯಾದ ಪದ್ಧತಿ. ಹಳೆಯ ಚಾಲಕರು ಇದನ್ನು ನೋಡಿ ಮೂಗು ಮುರಿದರೆ ಆಶ್ಚರ್ಯವಿಲ್ಲ.

ವೀಕ್‌ಗೆ ಅಡ್ಡಗಾಳಿಯಷ್ಟೇ ಗುರಿಯಾಗಿರಲಿಲ್ಲ. ಇಳಿಯುವ ವಿಮಾನ ರನ್‌ವೇಗೆ ಸಮಾನಾಂತರವಾಗಿ ಬಂದು, ಅದಕ್ಕೆ ಅಡ್ಡಲಾಗಿ ತಿರುಗಿ, ಆಮೇಲೆ ಕೊನೆಯ ತಿರುವಿನಲ್ಲಿ ರನ್‌ವೇಯ ನೇರಕ್ಕೆ ಬರುತ್ತದೆ. ಅಡ್ಡಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ ಆ ಕೊನೆಯ ತಿರುವು ರನ್‌ವೇಯ ನೇರವನ್ನು ದಾಟಿಹೋಗುತ್ತದೆ. ಚಾಲಕ ಅವಸರದಲ್ಲಿ ರೆಕ್ಕೆಯನ್ನು ಇನ್ನಷ್ಟು ವಾಲಿಸುತ್ತಾನೆ, ಮೂಗನ್ನು ಎಳೆದುಕೊಳ್ಳುತ್ತಾನೆ, ರಡರನ್ನು ಒತ್ತುತ್ತಾನೆ. ವೇಗ ಕಡಿಮೆ, ಎತ್ತರ ಕೆಲವೇ ನೂರು ಅಡಿ. ಒಳಬದಿಯ ರೆಕ್ಕೆ ಎತ್ತುವ ಶಕ್ತಿಯನ್ನು ಕಳೆದುಕೊಂಡರೆ ವಿಮಾನ ತಿರುಚಿಕೊಂಡು ಬೀಳುತ್ತದೆ, ಸರಿಪಡಿಸಿಕೊಳ್ಳಲು ಕೆಳಗೆ ಜಾಗವಿರುವುದಿಲ್ಲ. ರನ್‌ವೇ ಮೇಲಿನ ಗಿರಕಿಯಲ್ಲಿ ಮುರಿಯುವುದು ಬಹುಮಟ್ಟಿಗೆ ಲೋಹ. ಇಲ್ಲಿ ಹೋಗುವುದು ಜೀವ. ಸಣ್ಣ ವಿಮಾನಗಳ ಅಪಘಾತಗಳಲ್ಲಿ ಇಳಿಯುವಾಗ ಆಗುವಂಥವೇ ಸಂಖ್ಯೆಯಲ್ಲಿ ಹೆಚ್ಚು, ಸಾವು ಮಾತ್ರ ಅವುಗಳಲ್ಲಿ ಕಡಿಮೆ. ಈ ಸಮಾಧಾನದ ಮಾತು ಕೊನೆಯ ತಿರುವಿಗೆ ಅನ್ವಯಿಸುವುದಿಲ್ಲ. ಎರ್ಕೂಪ್ ಹೀಗೆ ತಿರುಚಿಕೊಳ್ಳದಂತೆ ವೀಕ್ ಅದರ ಮೂಗು ಏಳುವ ಮಟ್ಟವನ್ನೇ ಮಿತಿಗೊಳಿಸಿದ. ಅಮೆರಿಕ ಸರ್ಕಾರ 1940ರಲ್ಲಿ ಅನುಮತಿ ಕೊಡುವಾಗ, ಇದು ತಿರುಚಿಕೊಂಡು ಬೀಳಲಾರದ ವಿಮಾನವೆಂದೇ ಮಾನ್ಯ ಮಾಡಿತು.

ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಮನೆಗೊಂದು ವಿಮಾನ ಎಂಬ ಕನಸು ಹರಡಿತು. ನ್ಯೂಯಾರ್ಕಿನ ಮೇಸಿಸ್ ಅಂಗಡಿಯಲ್ಲಿ ಬಟ್ಟೆಬರೆಗಳ ಜೊತೆ ಎರ್ಕೂಪನ್ನೂ ಮಾರಾಟಕ್ಕಿಟ್ಟರು. 1946ರ ಒಂದೇ ವರ್ಷ ನಾಲ್ಕು ಸಾವಿರಕ್ಕೂ ಹೆಚ್ಚು ತಯಾರಾದವು. ಆದರೆ ಆ ಕನಸು ಬೇಗ ಕರಗಿತು. ಆ ವರ್ಷ 30 ಸಾವಿರ ದಾಟಿದ್ದ ಸಣ್ಣ ವಿಮಾನಗಳ ಒಟ್ಟು ತಯಾರಿಕೆ ಮರುವರ್ಷ ಅರ್ಧಕ್ಕೆ ಕುಸಿಯಿತು. ಎರ್ಕೂಪಿನಲ್ಲಿ ಒಂದು ಒಳಮಾತೂ ಇತ್ತು: ತಿರುಚಿಕೊಳ್ಳದ ವಿಮಾನ ಬೀಳುವುದೇ ಇಲ್ಲ ಎಂದಲ್ಲ. ಮೂಗೆತ್ತಿ ತೀರಾ ನಿಧಾನವಾದರೆ ಅದು ನೇರವಾಗಿಯೇ ಕುಸಿಯುತ್ತ ಬರುತ್ತದೆ, ನೆಲ ಹತ್ತಿರವಿದ್ದರೆ ಅದೂ ಅಪಾಯವೇ.

ತಿರುಗುವ ಚಕ್ರ, ತಿರುಗದ ವ್ಯಾಪಾರ

ಅದೇ ಹೊತ್ತಿಗೆ ಅಮೆರಿಕದ ನಾಗರಿಕ ವಿಮಾನಯಾನ ಆಡಳಿತಕ್ಕೆ ಬ್ಲೆರಿಯೊನ ಹಳೆಯ ಉಪಾಯ ನೆನಪಾಯಿತು. ಚಕ್ರಗಳೇ ಓಟದ ದಿಕ್ಕಿಗೆ ಹೊರಳಿಕೊಂಡರೆ ಊರೂರಿಗೆ ಒಂದೇ ರನ್‌ವೇ ಸಾಕು, ಮೂರಕ್ಕೆ ಹಣ ಸುರಿಯಬೇಕಿಲ್ಲ. ಗುಡ್‌ಇಯರ್ ಟೈರ್ ಕಂಪೆನಿ ಅಂಥ ಚಕ್ರಗಳನ್ನು ಮಾಡಿತು. ಸೆಸ್ನಾ 190 ಮತ್ತು 195 ವಿಮಾನಗಳಿಗೆ ಕೊಳ್ಳುವವರು ಬಯಸಿದರೆ ಅವನ್ನು ಜೋಡಿಸಿಕೊಡುತ್ತಿದ್ದರು. ಮುಖ ಒಂದು ಕಡೆ ಮಾಡಿಕೊಂಡು ಇನ್ನೊಂದು ಕಡೆಗೆ ಓಡುವ ವಿಮಾನವನ್ನು ನೋಡಿದವರು ನಕ್ಕಿರಬೇಕು. ಇಳಿಯುವಾಗ ಒದಗಿದ ಚಕ್ರಗಳು ನಿಲ್ದಾಣದೊಳಗೆ ನಿಧಾನವಾಗಿ ಓಡಾಡುವಾಗ ಕಾಟ ಕೊಟ್ಟವು. ಬಹುಪಾಲು ಮಾಲೀಕರು ಕ್ರಮೇಣ ಅವನ್ನು ಬಿಗಿದು ಸ್ಥಿರಗೊಳಿಸಿದರು ಇಲ್ಲವೇ ಕಿತ್ತುಹಾಕಿದರು. ಈ ಉಪಾಯ ನಿಜವಾಗಿ ಊರಿಕೊಂಡದ್ದು ಅಮೆರಿಕದ ಬಿ-52 ಬಾಂಬರಿನಲ್ಲಿ. ಅದರ ಚಕ್ರಗಳು ಎರಡೂ ಬದಿಗೆ ಇಪ್ಪತ್ತು ಡಿಗ್ರಿಯವರೆಗೆ ತಿರುಗುತ್ತವೆ. ಪುಟ್ಟವರಿಗಾಗಿ ಹುಟ್ಟಿದ ಅನುಕೂಲ ದೈತ್ಯನ ಪಾಲಾಯಿತು.

ಗೆದ್ದದ್ದು ಮೂಗಿನ ಚಕ್ರ. ಸೆಸ್ನಾ ಕಂಪೆನಿ ತನ್ನ ಬಾಲಚಕ್ರದ 170 ವಿಮಾನಕ್ಕೆ ಮೂಗಿನ ಚಕ್ರ ಕೂರಿಸಿ 1956ರಲ್ಲಿ 172 ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಿಟ್ಟಿತು. ಇಳಿಯುವುದು ತಾನಾಗಿ ಆಗುತ್ತದೆಂಬ ಅರ್ಥ ಬರುವಂತೆ ‘ಲ್ಯಾಂಡ್-ಒ-ಮ್ಯಾಟಿಕ್’ ಎಂದು ಜಾಹೀರಾತು. ಮುಂದೆ 44 ಸಾವಿರಕ್ಕೂ ಹೆಚ್ಚು ತಯಾರಾಗಿ, ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನವಾಯಿತು. ನಮ್ಮ ವಾಯುಪಡೆಯಲ್ಲೂ ಎಚ್.ಟಿ.-2ರ ಜಾಗಕ್ಕೆ ಬಂದ ಎಚ್.ಪಿ.ಟಿ.-32 ದೀಪಕ್‌ಗೆ ಮೂಗಿನ ಚಕ್ರವೇ ಇತ್ತು. ಗ್ರೌಂಡ್ ಲೂಪ್ ಅಪರೂಪವಾಯಿತು, ಅಡ್ಡಗಾಳಿಯ ಅಪಘಾತ ನಿಲ್ಲಲಿಲ್ಲ. ವೇಗವಾಗಿ ಬಂದು ಮೂಗಿನ ಚಕ್ರವನ್ನೇ ಮೊದಲು ನೆಲಕ್ಕೊತ್ತಿದರೆ ವಿಮಾನ ಒಂಟಿಚಕ್ರದ ತಳ್ಳುಗಾಡಿಯಂತೆ ಆ ಒಂದು ಚಕ್ರದ ಸುತ್ತ ತಿರುಗುತ್ತದೆ. ಇಲ್ಲವೇ ಪುಟಿದು ಪುಟಿದು ಮೂಗನ್ನು ಮುರಿದುಕೊಳ್ಳುತ್ತದೆ. ಬಾಲಚಕ್ರ ಕಲಿಸುತ್ತಿದ್ದ ಕಾಲಿನ ಪಾಠವನ್ನು ಕಲಿಯದೆಯೇ ಜನ ಚಾಲಕರಾದರು ಎಂಬ ಹಳಬರ ಗೊಣಗಾಟದಲ್ಲಿ ಹುರುಳಿಲ್ಲದಿಲ್ಲ.

ಸೆಸ್ನಾ 172ರ ಕೈಪಿಡಿ ತೆರೆದರೆ ಅಡ್ಡಗಾಳಿಯ ಅಂಕಿ ಒಂದು ಕಾಣುತ್ತದೆ: 15 ನಾಟ್, ಎಂದರೆ ಗಂಟೆಗೆ 28 ಕಿಲೋಮೀಟರ್. ಇದು ದಾಟಬಾರದ ಗೆರೆ ಎಂದು ತಿಳಿಯುವವರು ಬಹಳ. ಅದು ಕಂಪೆನಿಯ ಪರೀಕ್ಷಾ ಚಾಲಕ ಇಳಿಸಿ ತೋರಿಸಿದ ಗಾಳಿಯ ಲೆಕ್ಕ ಮಾತ್ರ. ನಿಯಮ ಕೇಳುವುದು ಇನ್ನೂ ಕಡಿಮೆ. ವಿಮಾನ ತೇಲಲಾರದೆ ಕುಸಿಯುವ ವೇಗದ ಐದನೇ ಒಂದು ಪಾಲಿನಷ್ಟು ಅಡ್ಡಗಾಳಿಯಲ್ಲಿ ವಿಶೇಷ ಕೌಶಲವಿಲ್ಲದೆ ಇಳಿಸಬರಬೇಕು ಎಂದಷ್ಟೆ. ಹೀಗಾಗಿ ಆ ಅಂಕಿ ನುರಿತವನನ್ನು ತಡೆಯುವುದಿಲ್ಲ, ಹೊಸಬನನ್ನು ಕಾಪಾಡುವುದೂ ಇಲ್ಲ. ಇಪ್ಪತ್ತು ಗಂಟೆ ಹಾರಿದ ವಿದ್ಯಾರ್ಥಿಗೆ ಅದರ ಅರ್ಧವೂ ಹೆಚ್ಚೇ ಇರಬಹುದು. ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿದ್ದರೆ ಅದರ ಅರ್ಧ ಬಲ ಅಡ್ಡಗಾಳಿಯಾಗಿ ಬಡಿಯುತ್ತದೆ, 45 ಡಿಗ್ರಿಯಾದರೆ ಹತ್ತರಲ್ಲಿ ಏಳು ಪಾಲು. ಇಷ್ಟು ಮನಸ್ಸಿನಲ್ಲೇ ಲೆಕ್ಕ ಹಾಕಿ, ಸರಿಬರದಿದ್ದರೆ ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರುವುದು, ಬೇರೆ ದಿಕ್ಕಿನ ರನ್‌ವೇ ಇರುವ ಊರಿಗೆ ಹೋಗುವುದು ಅವನ ಕೈಯಲ್ಲಿರುವ ದಾರಿ. ಕೆಳಗೆ ನೋಡುತ್ತ ನಿಂತವರಿದ್ದಾಗ ಈ ದಾರಿ ಹಿಡಿಯಲು ಅನೇಕರಿಗೆ ಸಂಕೋಚ. ಮುರಿದ ವಿಮಾನಗಳಲ್ಲಿ ಎಷ್ಟೋ ಈ ಸಂಕೋಚದ ಫಲ.

ಫ್ರೆಡ್ ವೀಕ್ ಮುಂದೆ ಪೈಪರ್ ಕಂಪೆನಿಗಾಗಿ ಬೆಳೆಗೆ ಔಷಧ ಸಿಂಪಡಿಸುವ ವಿಮಾನವನ್ನೂ ಚೆರೋಕಿ ವಿಮಾನವನ್ನೂ ರೂಪಿಸಿ 1993ರಲ್ಲಿ ತೀರಿಕೊಂಡ. ಎರ್ಕೂಪ್ ಕಂಪೆನಿಯಿಂದ ಕಂಪೆನಿಗೆ ಕೈಬದಲಾಯಿತು. ಕೊಳ್ಳುವವರು ಪೆಡಲು ಬೇಕೆಂದರು. ಮುಂದಿನ ಮಾದರಿಗಳಲ್ಲಿ ಪೆಡಲು ಬಂತು. ಮೂನಿ ಕಂಪೆನಿ 1960ರ ದಶಕದ ಕೊನೆಯಲ್ಲಿ ತಂದ ಕಡೆಯ ಮಾದರಿಯಂತೂ ಎಲ್ಲ ವಿಮಾನಗಳಂತೆ ಇನ್ನೊಂದು ವಿಮಾನ. ಅದೂ 1970ರಲ್ಲಿ ನಿಂತಿತು.

ಆದರೆ 1940ರ ದಶಕದ ಹಳೆಯ ಎರ್ಕೂಪುಗಳು ಪೂರ್ತಿ ಮೂಲೆ ಸೇರಲಿಲ್ಲ. ಅಮೆರಿಕದ ಆರಿಜೋನಾದಲ್ಲಿ 1983ರಲ್ಲಿ ಎರಡೂ ಕೈಗಳಿಲ್ಲದೆ ಹುಟ್ಟಿದ ಜೆಸಿಕಾ ಕಾಕ್ಸ್ ವಿಮಾನ ಚಾಲನೆ ಕಲಿಯಲು ಹೊರಟಾಗ, ಎಲ್ಲ ವಿಮಾನಗಳೂ ಕೈ ಎರಡು, ಕಾಲು ಎರಡು ಕೇಳುತ್ತಿದ್ದವು. ಎರ್ಕೂಪ್ ಒಂದು ಮಾತ್ರ ಕಾಲಿಗೆ ಕೆಲಸ ಇಟ್ಟಿರಲಿಲ್ಲ. ಆಕೆ ಒಂದು ಪಾದದಿಂದ ಚುಕ್ಕಾಣಿ ಚಕ್ರವನ್ನೂ ಇನ್ನೊಂದರಿಂದ ಎಂಜಿನ್ನಿನ ಹಿಡಿಕೆಯನ್ನೂ ಹಿಡಿದು ಕಲಿತು, 2008ರ ಅಕ್ಟೋಬರ್‌ನಲ್ಲಿ ಪರವಾನಗಿ ಪಡೆದರು.